ಇಂಥವರಲ್ಲಿ ಎಷ್ಟು ಜನ ಮನೆಗೆ ಹೋಗ್ತಾರೆ?

ವೆಂಟಿಲೇಟರ್ ಕುರಿತು ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮುಖ್ಯವಾಗಿ ಎರಡು ಬಗೆ. 'ಬಿಲ್ಲು ಏರಿಸುವುದಕ್ಕೇ ಹಾಕಿಬಿಡುತ್ತಾರಂತೆ, ಹೌದೇ?' ಎನ್ನುವುದು ಒಂದು. 'ಒಮ್ಮೆ ಹಾಕಿದರೆ ಮನುಷ್ಯ ವಾಪಸ್ ಬರುವುದೇ ಇಲ್ಲವಂತೆ, ಹೌದೇ?' ಎನ್ನುವುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಸುಲಭ: ಬರುತ್ತಾರೆ. ನಾಗರಹಾವೋ ಕಟ್ಟುಹಾವೋ ಕಚ್ಚಿ ಉಸಿರಾಟದ ಸ್ನಾಯುಗಳು ಸೋತವರನ್ನು ಸಕಾಲಕ್ಕೆ ಯಂತ್ರಕ್ಕೆ ಹಾಕಿದರೆ, ವಿಷದ ಪ್ರಭಾವ ಇಳಿದ ಮೇಲೆ ಎಷ್ಟೋ ಜನ ತಮ್ಮ ಕಾಲಮೇಲೆಯೇ ನಡೆದು ಮನೆಗೆ ಹೋಗಿದ್ದಾರೆ. ಮೊದಲನೆಯದಕ್ಕೆ ಇಷ್ಟು ನೇರ ಉತ್ತರ ಕೊಡಲಾರೆ. ಅನಗತ್ಯವಾಗಿ ಹಾಕುವವರು ಯಾರೂ ಇಲ್ಲ ಎಂದು ನನ್ನ ವೃತ್ತಿಯವರ ಪರವಾಗಿ ಆಣೆ ಮಾಡುವ ಧೈರ್ಯ ನನಗಿಲ್ಲ. ಆದರೆ ಈ ಅನುಮಾನ ಜನರ ಮನಸ್ಸಿನಲ್ಲಿ ಇಷ್ಟು ಗಟ್ಟಿಯಾಗಿ ಕೂರಲು ದುರಾಸೆಯೊಂದೇ ಕಾರಣವಲ್ಲ, ಲೆಕ್ಕವಿಲ್ಲದಿರುವುದೂ ಕಾರಣ.

ಅದನ್ನು ನನಗೆ ಮನದಟ್ಟು ಮಾಡಿಸಿದವರು ದಾವಣಗೆರೆ ಕಡೆಯ ಒಬ್ಬ ಭತ್ತದ ವ್ಯಾಪಾರಿ. ಅವರ ತಮ್ಮನಿಗೆ ನ್ಯುಮೋನಿಯಾ ಎರಡೂ ಶ್ವಾಸಕೋಶಕ್ಕೆ ಹಬ್ಬಿತ್ತು. ಐಸಿಯು ಬಾಗಿಲಾಚೆ ಚಾಪೆ ಹಾಸಿಕೊಂಡು ಮನೆಮಂದಿಯೆಲ್ಲ ಕೂತಿದ್ದರು. ಒಪ್ಪಿಗೆ ಪತ್ರ ಅವರ ಕೈಯಲ್ಲಿತ್ತು, ಪೆನ್ನಿನ ಮುಚ್ಚಳ ಇನ್ನೂ ತೆಗೆದಿರಲಿಲ್ಲ. 'ಡಾಕ್ಟ್ರೇ, ನಾನು ವ್ಯಾಪಾರಸ್ಥ. ದೇವರ ಕೈಲಿದೆ ಅಂತ ಹೇಳಬ್ಯಾಡ್ರಿ, ಅದು ನನಗೂ ಗೊತ್ತು. ಇಂಥವರು ಹತ್ತು ಜನ ಬಂದರೆ ಎಷ್ಟು ಜನ ಮನೆಗೆ ಹೋಗ್ತಾರೆ? ಅಷ್ಟು ಹೇಳ್ರಿ' ಎಂದರು. ಅರಿವಳಿಕೆ ವೈದ್ಯನಾಗಿ ನನ್ನ ಬಳಿ ಅಮೆರಿಕದ ಲೆಕ್ಕವಿತ್ತು, ಆಸ್ಟ್ರೇಲಿಯಾದ ಲೆಕ್ಕವಿತ್ತು, ಡೆನ್ಮಾರ್ಕಿನಲ್ಲಿ ನಾನು ಹುಟ್ಟುವುದಕ್ಕೆ ಮೊದಲು ಏನಾಯಿತು ಎಂಬ ಲೆಕ್ಕವೂ ಇತ್ತು. ನಮ್ಮ ಜಿಲ್ಲೆಯ ಲೆಕ್ಕ ಮಾತ್ರ ಯಾರ ಬಳಿಯೂ ಇರಲಿಲ್ಲ.

ಡೆನ್ಮಾರ್ಕಿನ ಕಥೆ ಹೇಳಲೇಬೇಕು, ಏಕೆಂದರೆ ಐಸಿಯು ಎಂಬುದು ಹುಟ್ಟಿದ್ದೇ ಅಲ್ಲಿ. 1952ರ ಬೇಸಿಗೆಯಲ್ಲಿ ಕೋಪನ್‌ಹೇಗನ್ ನಗರಕ್ಕೆ ಪೋಲಿಯೊ ಬಡಿಯಿತು. ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಉಸಿರಾಟ ನಿಂತುಹೋದ ಮೊದಲ 31 ರೋಗಿಗಳಲ್ಲಿ 27 ಮಂದಿ ಸತ್ತರು. ಆಗ ಬ್ಯಾರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯ, ಆಪರೇಷನ್ ಕೊಠಡಿಯಲ್ಲಿ ತಾನು ಮಾಡುತ್ತಿದ್ದುದನ್ನೇ ವಾರ್ಡಿಗೆ ತಂದ: ಗಂಟಲಲ್ಲಿ ರಂಧ್ರ ಮಾಡಿ ನಳಿಕೆ ಇಟ್ಟು, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಗಾಳಿ ಕೊಡುವುದು. ಹೀಗೆ ಗಾಳಿ ಒತ್ತುವ ಯಂತ್ರಗಳು ಅಲ್ಲಿರಲಿಲ್ಲ. ಸುಮಾರು 1500 ವೈದ್ಯ ವಿದ್ಯಾರ್ಥಿಗಳು ಪಾಳಿಯಂತೆ ಬಂದು ಹಗಲೂ ರಾತ್ರಿ ಚೀಲ ಒತ್ತಿದರು. ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗೆ ಬಂತು. ಇದು ನಿಜವಾಗಿಯೂ ಕೆಲಸ ಮಾಡುತ್ತದೆಯೇ ಎಂದು ಸಂಶೋಧನೆ ಮಾಡುವ ಅಗತ್ಯ ಯಾರಿಗೂ ಬೀಳಲಿಲ್ಲ, ಕಣ್ಣಿಗೇ ಕಾಣುತ್ತಿತ್ತು.

ತೊಂದರೆ ಶುರುವಾಗುವುದು ಅಲ್ಲಿಂದಾಚೆ. ಇವತ್ತು ಒಂದು ಚಿಕಿತ್ಸೆಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ನೂರರಲ್ಲಿ ಐದೋ ಹತ್ತೋ ಜೀವ. ಅದು ಯಾವ ವೈದ್ಯನ ಕಣ್ಣಿಗೂ ಕಾಣುವುದಿಲ್ಲ. ನನ್ನಂಥವನು ವರ್ಷಕ್ಕೆ ಎಷ್ಟೇ ರೋಗಿಗಳನ್ನು ನೋಡಿದರೂ ಒಬ್ಬೊಬ್ಬರ ಕಾಯಿಲೆ ಒಂದೊಂದು ಥರ. ಇವರು ಉಳಿದದ್ದು ನಾನು ಕೊಟ್ಟ ಔಷಧಿಯಿಂದಲೋ, ಅದನ್ನು ಕೊಟ್ಟರೂ ಉಳಿದರೋ ಎಂದು ಹೇಳುವ ದಾರಿಯೇ ಇಲ್ಲ. 'ನನ್ನ ಅನುಭವದಲ್ಲಿ' ಎಂದು ಹಿರಿಯ ವೈದ್ಯರು ಮಾತು ಶುರು ಮಾಡಿದಾಗ ಕಿರಿಯರು ತಲೆಯಾಡಿಸುವುದು ವಾಡಿಕೆ. ಐಸಿಯು ಮಟ್ಟಿಗೆ ಆ ಮಾತಿಗೆ ಸ್ವಲ್ಪ ಕಡಿಮೆ ತೂಕ ಕೊಡುವುದು ಒಳ್ಳೆಯದು. ನಾನೂ ಈಗ ಹಿರಿಯರ ಸಾಲಿಗೆ ಸೇರಿರುವುದರಿಂದ ಹೇಳಬಹುದು.

ವೆಂಟಿಲೇಟರನ್ನೇ ತೆಗೆದುಕೊಳ್ಳಿ. ದಶಕಗಳ ಕಾಲ ನಾವು ಪ್ರತಿ ಉಸಿರಿಗೂ ಧಾರಾಳವಾಗಿ ಗಾಳಿ ತುಂಬುತ್ತಿದ್ದೆವು. ರಕ್ತದಲ್ಲಿ ಆಮ್ಲಜನಕದ ಅಂಕಿ ಚೆನ್ನಾಗಿ ಬರುತ್ತಿತ್ತು, ನಮಗೆ ಸಮಾಧಾನವಾಗುತ್ತಿತ್ತು. 2000ದಲ್ಲಿ ಅಮೆರಿಕದ ಆಸ್ಪತ್ರೆಗಳ ಒಂದು ಗುಂಪು 861 ರೋಗಿಗಳ ಮೇಲಿನ ಅಧ್ಯಯನದ ಫಲಿತಾಂಶ ಪ್ರಕಟಿಸಿತು. ಅರ್ಧ ಜನಕ್ಕೆ ವಾಡಿಕೆಯಂತೆ ಕಿಲೋಗೆ 12 ಮಿಲಿಲೀಟರ್ ಗಾಳಿ, ಉಳಿದರ್ಧಕ್ಕೆ 6. ಯಾರಿಗೆ ಯಾವುದು ಎಂಬುದನ್ನು ವೈದ್ಯರು ಆರಿಸಲಿಲ್ಲ, ಚೀಟಿ ಎತ್ತಿ ನಿರ್ಧರಿಸಲಾಯಿತು. ಹೆಚ್ಚು ಗಾಳಿ ಪಡೆದವರಲ್ಲಿ ನೂರಕ್ಕೆ ಸುಮಾರು 40 ಜನ ಸತ್ತರು, ಕಡಿಮೆ ಪಡೆದವರಲ್ಲಿ 31. ವಿಚಿತ್ರವೆಂದರೆ ಮೊದಲ ದಿನಗಳಲ್ಲಿ ಆಮ್ಲಜನಕದ ಅಂಕಿ ಚೆನ್ನಾಗಿದ್ದದ್ದು ಹೆಚ್ಚು ಸತ್ತ ಗುಂಪಿನಲ್ಲೇ. ಶ್ವಾಸಕೋಶ ಉರಿಯೂತದಿಂದ ನೀರು ತುಂಬಿಕೊಂಡಾಗ ಗಾಳಿಗೆ ತೆರೆದಿರುವ ಭಾಗ ತೀರಾ ಚಿಕ್ಕದು. ಹೊಳೆ ನುಗ್ಗಿದ ಮನೆಯಲ್ಲಿ ಒಣಗಿರುವುದು ಒಂದೇ ಕೋಣೆ. ಊರವರೆಲ್ಲ ಅದರೊಳಕ್ಕೇ ನುಗ್ಗಿದರೆ ಗೋಡೆ ಬಿರಿಯದೆ ಇದ್ದೀತೆ? ಜೀವ ಉಳಿಸಲೆಂದು ಹಾಕಿದ ಯಂತ್ರವೇ ಉಳಿದ ಭಾಗವನ್ನೂ ಹಾಳು ಮಾಡುತ್ತಿತ್ತು. ಹೊಸ ಯಂತ್ರ ಬೇಕಾಗಲಿಲ್ಲ, ಹೊಸ ಔಷಧಿ ಬೇಕಾಗಲಿಲ್ಲ. ಒಂದು ಗುಂಡಿ ತಿರುಗಿಸಿದ್ದಷ್ಟೆ.

ಆದರೆ ಆ ಗುಂಡಿಯನ್ನು ಎಷ್ಟು ತಿರುಗಿಸಬೇಕು ಎಂಬುದರಲ್ಲಿ ಒಂದು ಸೂಕ್ಷ್ಮವಿದೆ. ಲೆಕ್ಕ ಹಾಕಬೇಕಾದದ್ದು ರೋಗಿಯ ತೂಕದಿಂದಲ್ಲ, ಎತ್ತರದಿಂದ. ಮನುಷ್ಯ ದಪ್ಪಗಾದ ಮಾತ್ರಕ್ಕೆ ಶ್ವಾಸಕೋಶ ದೊಡ್ಡದಾಗುವುದಿಲ್ಲ. ನಮ್ಮ ಕಡೆಯ ಐದಡಿಗೆ ಒಂದಿಷ್ಟು ಕಡಿಮೆ, ಅಂದರೆ 150 ಸೆಂಟಿಮೀಟರ್ ಎತ್ತರದ ಹೆಂಗಸಿಗೆ ಸೂತ್ರದ ಪ್ರಕಾರ ಬರುವ ತೂಕ 43 ಕಿಲೋ, ಪ್ರತಿ ಉಸಿರಿಗೆ ಕೊಡಬೇಕಾದ ಗಾಳಿ 260 ಮಿಲಿಲೀಟರ್. ಆಕೆ ನಿಜಕ್ಕೂ ಇರುವುದು 70 ಕಿಲೋ ಎಂದು ಅದನ್ನೇ ಹಾಕಿಕೊಂಡರೆ 420 ಆಗಿಬಿಡುತ್ತದೆ. ಮಲಗಿರುವ ರೋಗಿಯ ತಲೆಯಿಂದ ಹಿಮ್ಮಡಿಯವರೆಗೆ ಟೇಪು ಹಿಡಿದು ಅಳೆದು, ಅಂಕಿಯನ್ನು ಪ್ಲಾಸ್ಟರ್ ತುಂಡಿನ ಮೇಲೆ ಬರೆದು ಯಂತ್ರದ ಅಂಚಿಗೆ ಅಂಟಿಸುತ್ತಿದ್ದ ಒಬ್ಬ ನರ್ಸ್ ನಮ್ಮಲ್ಲಿದ್ದರು. ಆ ಟೇಪು ಉಳಿಸಿದ ಜೀವಗಳು ನನ್ನ ಪ್ರಕಾರ ಕೆಲವು ದುಬಾರಿ ಇಂಜೆಕ್ಷನ್‌ಗಳು ಉಳಿಸಿದ್ದಕ್ಕಿಂತ ಹೆಚ್ಚು. ಇಲ್ಲೂ ಒಂದು ಪ್ರಶ್ನೆ ಉಳಿದುಕೊಂಡಿದೆ ನೋಡಿ. ಆ ಸೂತ್ರ ಹುಟ್ಟಿದ್ದು ಪಾಶ್ಚಾತ್ಯ ದೇಹಗಳಿಂದ. ಅದೇ ಎತ್ತರದ ಯುರೋಪಿಯನ್ನರಿಗೆ ಹೋಲಿಸಿದರೆ ಭಾರತೀಯರ ಶ್ವಾಸಕೋಶದ ಅಳತೆ ಸರಾಸರಿಯಲ್ಲಿ ಕಡಿಮೆ ಎಂಬುದು ಊದುವ ಪರೀಕ್ಷೆಗಳಿಂದ ಗೊತ್ತಿರುವ ಸಂಗತಿ. ಹಾಗಿದ್ದಮೇಲೆ ನಮಗೆ 6 ಸರಿಯೋ, 5 ಸರಿಯೋ? ಬೇರೆ ದೇಶದವರು ಇದನ್ನು ನಮಗಾಗಿ ಕೇಳುವುದಿಲ್ಲ.

'ಕಡಿಮೆ ಮಾಡಿದರೆ ಹೆಚ್ಚು ಉಳಿಯುತ್ತಾರೆಯೇ' ಎಂದು ಕೇಳಿದಾಗಲೆಲ್ಲ ಐಸಿಯು ಜಗತ್ತು ಬೆಚ್ಚಿಬಿದ್ದಿದೆ. ಇನ್ಸುಲಿನ್ ಹರಿಸಿ ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟರೆ ಸಾವು ತಗ್ಗುತ್ತದೆ ಎಂದು 2001ರಲ್ಲಿ ಬೆಲ್ಜಿಯಂನ ಲುವೆನ್ ನಗರದ ಒಂದೇ ಆಸ್ಪತ್ರೆ ಹೇಳಿತು, ಜಗತ್ತೆಲ್ಲ ಹಿಂಬಾಲಿಸಿತು. 2009ರಲ್ಲಿ 6104 ರೋಗಿಗಳ ದೊಡ್ಡ ಅಧ್ಯಯನ ಬಂದಾಗ ಬಿಗಿ ಹಿಡಿತದ ಗುಂಪಿನಲ್ಲೇ ಸಾವು ಹೆಚ್ಚಿತ್ತು. ಇನ್ನು ಬಿಲ್ಲಿನ ಚಿಂತೆಯವರಿಗೆ ಒಂದು ಮಾತು: 2000ದಲ್ಲಿ ಶಿಕಾಗೊದ ವೈದ್ಯರು ವೆಂಟಿಲೇಟರ್ ಮೇಲಿದ್ದ 128 ರೋಗಿಗಳಲ್ಲಿ ಒಂದು ಗುಂಪಿಗೆ ಮಂಪರಿನ ಔಷಧಿಯನ್ನು ದಿನಕ್ಕೊಮ್ಮೆ ನಿಲ್ಲಿಸಿ ಎಚ್ಚರವಾಗಲು ಬಿಟ್ಟರು. ಆ ಗುಂಪಿನವರು ಯಂತ್ರದ ಮೇಲಿದ್ದ ಅವಧಿ 7.3 ದಿನದಿಂದ 4.9 ದಿನಕ್ಕೆ ಇಳಿಯಿತು. ಖಾಸಗಿ ಐಸಿಯುನಲ್ಲಿ ಎರಡು ದಿನ ಉಳಿದರೆ ಒಂದು ರೈತ ಕುಟುಂಬಕ್ಕೆ ಎಷ್ಟು ಉಳಿದಂತೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಅಲುಗಾಡಿಸಿದ್ದು ಆಫ್ರಿಕಾದ ಸಂಶೋಧನೆ. ಸೋಂಕಿನಿಂದ ರಕ್ತಸಂಚಾರ ಕುಸಿದ ಮಗುವಿಗೆ ತಕ್ಷಣ ಸಲೈನ್ ಜೋರಾಗಿ ಹರಿಸಬೇಕು. ಇದು ನಾವೆಲ್ಲ ಎಂಬಿಬಿಎಸ್‌ನಲ್ಲೇ ಬಾಯಿಪಾಠ ಮಾಡಿದ ವಿಷಯ. ಉಗಾಂಡಾ, ಕೆನ್ಯಾ, ತಾಂಜಾನಿಯಾಗಳ ಆಸ್ಪತ್ರೆಗಳಲ್ಲಿ 3141 ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಜೋರಾಗಿ ಸಲೈನ್ ಅಥವಾ ಆಲ್ಬುಮಿನ್ ಪಡೆದ ಮಕ್ಕಳಲ್ಲಿ ಎರಡು ದಿನದೊಳಗೆ ನೂರಕ್ಕೆ ಹತ್ತಕ್ಕಿಂತ ತುಸು ಹೆಚ್ಚು ಸಾವು, ನಿಧಾನವಾಗಿ ಪಡೆದವರಲ್ಲಿ 7.3. 2017ರಲ್ಲಿ ಜಾಂಬಿಯಾದ ಲುಸಾಕಾದಿಂದ ವಯಸ್ಕರ ಬಗ್ಗೆಯೂ ಅಂಥದೇ ಸುದ್ದಿ ಬಂತು: ನಂಜೇರಿ ಬಿಪಿ ಕುಸಿದ 212 ರೋಗಿಗಳಲ್ಲಿ, ಪಾಶ್ಚಾತ್ಯ ಮಾದರಿಯಂತೆ ಬೇಗನೆ ಹೆಚ್ಚು ದ್ರವ ಕೊಟ್ಟ ಗುಂಪಿನಲ್ಲಿ ನೂರಕ್ಕೆ 48 ಜನ ಸತ್ತರೆ ಸ್ಥಳೀಯ ವಾಡಿಕೆಯಂತೆ ನೋಡಿಕೊಂಡ ಗುಂಪಿನಲ್ಲಿ 33. ಆ ರೋಗಿಗಳಲ್ಲಿ ಹೆಚ್ಚಿನವರಿಗೆ ಎಚ್‌ಐವಿ ಇತ್ತು, ಅಲ್ಲಿ ವೆಂಟಿಲೇಟರ್ ಸೌಲಭ್ಯ ಅಪರೂಪ. ದ್ರವ ಹೆಚ್ಚಾಗಿ ಉಸಿರುಗಟ್ಟಿದರೆ ನ್ಯೂಯಾರ್ಕಿನಲ್ಲಿ ಯಂತ್ರ ಕೈ ಹಿಡಿಯುತ್ತದೆ, ಲುಸಾಕಾದಲ್ಲಿ ಹಿಡಿಯುವುದಿಲ್ಲ. ಒಂದೇ ಚಿಕಿತ್ಸೆ ಒಂದು ಊರಲ್ಲಿ ಔಷಧಿ, ಇನ್ನೊಂದು ಊರಲ್ಲಿ ಅಪಾಯ. ನಮ್ಮ ತಾಲ್ಲೂಕು ಆಸ್ಪತ್ರೆಯ ರೋಗಿ ಯಾವ ಕಡೆಗೆ ಸೇರುತ್ತಾನೆ, ನ್ಯೂಯಾರ್ಕಿಗೋ ಲುಸಾಕಾಕ್ಕೋ? ನಾವು ಪಾಠ ಓದುವುದು ಮಾತ್ರ ನ್ಯೂಯಾರ್ಕಿನದು.

ನಮ್ಮವೇ ಆದ ಕಾಯಿಲೆಗಳ ವಿಚಾರಕ್ಕೆ ಬಂದರೆ ಇನ್ನೂ ಕಷ್ಟ. ಬೆಳೆಗೆ ಹೊಡೆಯುವ ಔಷಧಿ ಕುಡಿದು ಬರುವವರನ್ನು ಕಾಣದ ಜಿಲ್ಲಾಸ್ಪತ್ರೆ ಕರ್ನಾಟಕದಲ್ಲಿ ಇರಲಿಕ್ಕಿಲ್ಲ. ಅವರಿಗೆ ಅಟ್ರೋಪಿನ್ ಕೊಡಬೇಕೆನ್ನುವುದರಲ್ಲಿ ತಕರಾರಿಲ್ಲ. ಜತೆಗೆ ಪ್ರಾಲಿಡಾಕ್ಸಿಮ್ ಎಂಬ ಇನ್ನೊಂದು ಮದ್ದು ಕೊಡಬೇಕೇ ಎನ್ನುವುದು ತಕರಾರು. ಮಹಾರಾಷ್ಟ್ರದ ಬಾರಾಮತಿಯಲ್ಲಿ 200 ರೋಗಿಗಳ ಅಧ್ಯಯನ ನಡೆದು, ಅದನ್ನು ನಿಲ್ಲಿಸದೆ ದೊಡ್ಡ ಪ್ರಮಾಣದಲ್ಲಿ ಹರಿಸಿದರೆ ಸಾವು ಬಹಳ ಕಡಿಮೆಯಾಗುತ್ತದೆ ಎಂದು 2006ರಲ್ಲಿ ಪ್ರಕಟವಾಯಿತು. ಮೂರೇ ವರ್ಷಕ್ಕೆ ಶ್ರೀಲಂಕಾದಲ್ಲಿ 235 ರೋಗಿಗಳನ್ನು ನೋಡಿದವರು ಪ್ರಯೋಜನವೇ ಕಾಣಲಿಲ್ಲ ಎಂದರು. ವಿಷಗಳು ಬೇರೆ, ರೋಗಿಗಳು ಆಸ್ಪತ್ರೆ ತಲುಪಿದ ಹೊತ್ತು ಬೇರೆ, ಮದ್ದು ಕೊಟ್ಟ ಕ್ರಮ ಬೇರೆ. ಇದನ್ನು ಬಗೆಹರಿಸಲು ಸಾವಿರಾರು ರೋಗಿಗಳ ಅಧ್ಯಯನ ಬೇಕು. ಅಂಥ ರೋಗಿಗಳು ಅಮೆರಿಕದಲ್ಲಿ ಸಿಗುವುದಿಲ್ಲ, ನಮ್ಮಲ್ಲಿದ್ದಾರೆ. ಹಾಗಿದ್ದೂ ಇವತ್ತಿಗೂ ಪ್ರಾಲಿಡಾಕ್ಸಿಮ್ ಸಿಗುವುದೂ ಸಿಗದಿರುವುದೂ ಆಯಾ ವೈದ್ಯರ ನಂಬಿಕೆಯ ಮೇಲೆ ನಿಂತಿದೆ.

ನಮ್ಮಿಂದಾಗುವುದಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ, ಏಕೆಂದರೆ ಆಗಿದೆ. ಪೊದೆಗಳಲ್ಲಿರುವ ನುಸಿಯ ಮರಿ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರ, ಮೈಮೇಲೆಲ್ಲೋ ಒಂದು ಕಪ್ಪು ಹಕ್ಕಳೆ ಬಿಟ್ಟು, ಒಂದೆರಡು ವಾರದಲ್ಲಿ ಶ್ವಾಸಕೋಶ, ಮೂತ್ರಪಿಂಡಗಳಿಗೆ ಇಳಿದು ರೋಗಿಯನ್ನು ಐಸಿಯುಗೆ ತಂದು ಹಾಕಬಲ್ಲದು. ಡಾಕ್ಸಿಸೈಕ್ಲಿನ್, ಅಜಿತ್ರೋಮೈಸಿನ್ ಎರಡರಲ್ಲಿ ಯಾವುದು ಮೇಲು ಎಂಬ ಚರ್ಚೆ ಹಳೆಯದು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಮುಂದಾಳಾಗಿ, ನಮ್ಮ ಮಣಿಪಾಲವೂ ಸೇರಿ ಭಾರತದ ಹಲವು ಆಸ್ಪತ್ರೆಗಳು ಸುಮಾರು 800 ರೋಗಿಗಳ ಮೇಲೆ ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಎರಡನ್ನೂ ಒಟ್ಟಿಗೆ ನರಕ್ಕೆ ಕೊಟ್ಟವರಲ್ಲಿ ಸಾವು, ಇಳಿಯದ ಜ್ವರ, ಬಿಡದ ತೊಡಕುಗಳೆಲ್ಲ ಸೇರಿ ನೂರಕ್ಕೆ 33. ಒಂದೊಂದನ್ನೇ ಕೊಟ್ಟವರಲ್ಲಿ 47, 48. ಸಾವೊಂದನ್ನೇ ಲೆಕ್ಕ ಹಿಡಿದರೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಹೇಳಬೇಕು. ಆದರೂ ಇದು ನಮ್ಮ ಕಾಯಿಲೆಗೆ ನಮ್ಮ ರೋಗಿಗಳಿಂದ ಸಿಕ್ಕ ಉತ್ತರ.

ಕೋವಿಡ್ ಇದೇ ಪಾಠವನ್ನು ಬೇರೆ ರೀತಿ ಕಲಿಸಿತು. 2020ರಲ್ಲಿ ಪ್ಲಾಸ್ಮಾ ಬೇಕೆಂದು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಎಷ್ಟು ಮೊರೆ ಓಡಾಡಿದವು ನೆನಪಿರಬಹುದು. ಆ ವರ್ಷವೇ ಐಸಿಎಂಆರ್ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಅಧ್ಯಯನ ಮಾಡಿ ಅದರಿಂದ ಪ್ರಯೋಜನವಿಲ್ಲ ಎಂದು ತೋರಿಸಿತು. ಒಳ್ಳೆಯ ಕೆಲಸ, ಬೇಗ ಆದ ಕೆಲಸ. ಆದರೂ ಸರ್ಕಾರದ ಚಿಕಿತ್ಸಾ ಮಾರ್ಗಸೂಚಿಯಿಂದ ಪ್ಲಾಸ್ಮಾ ಹೊರಬಿದ್ದದ್ದು 2021ರ ಮೇ ತಿಂಗಳಲ್ಲಿ, ಎರಡನೇ ಅಲೆಯಲ್ಲಿ ಜನ ದಾನಿಗಳಿಗಾಗಿ ಬೀದಿ ಬೀದಿ ಅಲೆದ ಮೇಲೆ. ಇತ್ತ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ಚಿಕಿತ್ಸೆಯ ಜತೆಯಲ್ಲೇ ಸಂಶೋಧನೆಯನ್ನೂ ನಡೆಸಿ, ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಹಳೆಯ ಸ್ಟಿರಾಯ್ಡ್ ವೆಂಟಿಲೇಟರ್ ಮೇಲಿದ್ದವರ ಸಾವನ್ನು ನೂರಕ್ಕೆ 41ರಿಂದ 29ಕ್ಕೆ ಇಳಿಸುತ್ತದೆ ಎಂದು ಕೆಲವೇ ತಿಂಗಳಲ್ಲಿ ಕಂಡುಕೊಂಡವು. 2020ರಲ್ಲೇ ಮೈಸೂರಿನ ಸ್ಕ್ಯಾನ್‌ರೇ ವಿನ್ಯಾಸದ ಮೇಲೆ ಬೆಂಗಳೂರಿನ ಬಿಇಎಲ್ 30,000 ವೆಂಟಿಲೇಟರ್ ತಯಾರಿಸಿತು. ಕನ್ನಡಿಗನಾಗಿ ನನಗೆ ಅದು ಹೆಮ್ಮೆಯೇ. ಆದರೆ ಆ ಯಂತ್ರಗಳ ಮೇಲೆ ಮಲಗಿದ ರೋಗಿಗಳು ಏನಾದರು ಎಂಬುದನ್ನು ಒಟ್ಟು ಮಾಡಿ ನೋಡುವ ವ್ಯವಸ್ಥೆಯನ್ನು ನಾವು ಕಟ್ಟಲಿಲ್ಲ. ಶ್ರೀಮಂತ ದೇಶಗಳ ಸಾಲಿಗೆ ಸೇರದ ಬ್ರೆಜಿಲ್, ಯಾವ ಸಲೈನ್ ಒಳ್ಳೆಯದು ಎಂಬ ಒಂದೇ ಪ್ರಶ್ನೆಗೆ 75 ಐಸಿಯುಗಳಿಂದ 11,052 ರೋಗಿಗಳನ್ನು ಸೇರಿಸಿ 2021ರಲ್ಲಿ ಉತ್ತರ ಕೊಟ್ಟಿತು.

ನಮ್ಮಲ್ಲಿ ಲೆಕ್ಕ ಇಡುವುದಕ್ಕೇ ಒಂದು ವಿಶೇಷ ಅಡ್ಡಿಯಿದೆ. ಹಣ ಮುಗಿದಾಗಲೋ ಆಸೆ ಮುಗಿದಾಗಲೋ ಮನೆಯವರು ರೋಗಿಯನ್ನು ಕರೆದೊಯ್ಯುತ್ತಾರೆ. ಆಸ್ಪತ್ರೆಯ ಭಾಷೆಯಲ್ಲಿ ಇದಕ್ಕೆ 'ಡಾಮಾ' ಎನ್ನುತ್ತಾರೆ, ವೈದ್ಯರ ಸಲಹೆಗೆ ವಿರುದ್ಧವಾಗಿ ಬಿಡುಗಡೆ. ಊರು ಮುಟ್ಟುವವರೆಗಾದರೂ ಉಸಿರಿರಲಿ ಎಂದು ಆಂಬುಲೆನ್ಸಿನಲ್ಲಿ ಭಾವಮೈದುನನೋ ಅಣ್ಣನ ಮಗನೋ ಅಂಬು ಬ್ಯಾಗ್ ಒತ್ತುತ್ತ ಕೂರುತ್ತಾನೆ, ಎಪ್ಪತ್ತು ವರ್ಷದ ಹಿಂದೆ ಕೋಪನ್‌ಹೇಗನ್ನಿನ ವಿದ್ಯಾರ್ಥಿಗಳು ಮಾಡಿದ ಕೆಲಸವನ್ನೇ. ಆ ರೋಗಿ ಆಸ್ಪತ್ರೆಯ ರಿಜಿಸ್ಟರಿನಲ್ಲಿ ಸಾವಿನ ಕಾಲಮ್ಮಿಗೆ ಬರುವುದಿಲ್ಲ. ಹೀಗಾಗಿ ಕಾಗದದ ಮೇಲೆ ಕೆಲವು ಐಸಿಯುಗಳು ಬಹಳ ಚೆನ್ನಾಗಿ ಕಾಣುತ್ತವೆ. 2019ರಲ್ಲಿ ಶುರುವಾದ 'ಐರಿಸ್' ಎಂಬ ಭಾರತೀಯ ಐಸಿಯು ನೋಂದಣಿಯಂಥ ಪ್ರಯತ್ನಗಳಿವೆ, ಆದರೆ ಸೇರುವುದು ಆಸ್ಪತ್ರೆಯ ಇಷ್ಟ.

ಈ ಲೆಕ್ಕದ ಅಗತ್ಯ ಈಗ ಇನ್ನೂ ಹೆಚ್ಚಾಗಿದೆ. ಗುಣವಾಗುವ ಸಾಧ್ಯತೆಯಿಲ್ಲದ ರೋಗಿಯ ಜೀವರಕ್ಷಕ ಸಾಧನ ತೆಗೆಯಲು ಸುಪ್ರೀಂ ಕೋರ್ಟ್ 2018ರಲ್ಲಿ ದಾರಿ ಮಾಡಿ, 2023ರಲ್ಲಿ ಕ್ರಮವನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ತಲಾ ಮೂವರು ವೈದ್ಯರಿರುವ ಎರಡು ಮಂಡಳಿಗಳು ಒಪ್ಪಬೇಕು. ಒಳ್ಳೆಯ ಕಾನೂನು. ಆದರೆ 'ಇವರು ಚೇತರಿಸಿಕೊಳ್ಳುವುದಿಲ್ಲ' ಎಂದು ಆ ಆರು ಜನ ಯಾವುದರ ಆಧಾರದ ಮೇಲೆ ಹೇಳಬೇಕು? ನಮ್ಮಂಥ ಆಸ್ಪತ್ರೆಯಲ್ಲಿ, ನಮ್ಮಂಥ ರೋಗಿಗಳಲ್ಲಿ ಇಂಥ ಸ್ಥಿತಿಯಿಂದ ಎಷ್ಟು ಜನ ಎದ್ದು ಬಂದಿದ್ದಾರೆ ಎಂಬುದು ಗೊತ್ತಿದ್ದರೆ ಆ ಸಹಿಗೊಂದು ಬೆಲೆ. ಎದ್ದು ಬಂದವರು ಹೇಗೆ ಬದುಕುತ್ತಿದ್ದಾರೆ ಎಂಬುದೂ ಬೇಕು. ಹೊಲಕ್ಕೆ ಹೋಗುತ್ತಾರೆಯೇ, ತಾವೇ ಊಟ ಮಾಡುತ್ತಾರೆಯೇ, ಮನೆಯವರ ಸಾಲ ಎಷ್ಟಾಗಿದೆ?

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಸರ್ಕಾರ ಖಾಸಗಿ ಆಸ್ಪತ್ರೆಗಳ ಚಿಕಿತ್ಸೆಗೂ ಹಣ ಕೊಡುತ್ತದೆ. ಕೊಡುವವರಿಗೆ ಕೇಳುವ ಹಕ್ಕಿದೆ. ವೆಂಟಿಲೇಟರ್ ಮೇಲೆ ಹೋದ ಪ್ರತಿಯೊಬ್ಬರ ಕಾಯಿಲೆ, ಎಷ್ಟು ದಿನ ಯಂತ್ರ, ಹೇಗೆ ಹೊರಹೋದರು, 90ನೇ ದಿನ ಇದ್ದಾರೆಯೇ – ಇಷ್ಟು ಬರೆದು ಕಳಿಸಿದರೆ ಮಾತ್ರ ಬಿಲ್ಲು ಪಾಸು ಎಂದು ಒಂದು ಷರತ್ತು ಹಾಕಲಿ. ಅದರ ಮೇಲೆ ನಿಂತು ಪ್ರಾಲಿಡಾಕ್ಸಿಮ್, ಜಿಲ್ಲಾಸ್ಪತ್ರೆಯ ಸಲೈನ್, ನಮ್ಮ ಎತ್ತರದವರ ಗಾಳಿಯ ಅಳತೆ, ಒಂದೊಂದನ್ನೇ ಚೀಟಿ ಎತ್ತಿ ಪರೀಕ್ಷಿಸಬಹುದು.

ಚೀಟಿ ಎತ್ತುವುದು ಎಂದಕೂಡಲೇ 'ನಮ್ಮನ್ನೇನು ಪ್ರಯೋಗದ ಇಲಿ ಮಾಡ್ತೀರಾ' ಎಂಬ ಪ್ರಶ್ನೆ ಬರುತ್ತದೆ. ಬರಬೇಕು ಕೂಡ, ಬಡವರ ಮೇಲೆ ಹೇಳದೆ ಕೇಳದೆ ಔಷಧಿ ಪರೀಕ್ಷಿಸಿದ ದೂರುಗಳು ಈ ದೇಶದಲ್ಲಿ ಸುಳ್ಳಲ್ಲ. ಆದರೆ ನಾನು ಹೇಳುತ್ತಿರುವ ಅಧ್ಯಯನಗಳಲ್ಲಿ ಹೊಸ ಔಷಧಿಯೇ ಇರುವುದಿಲ್ಲ, ಈಗಾಗಲೇ ಬಳಕೆಯಲ್ಲಿರುವ ಎರಡು ಕ್ರಮಗಳ ಹೋಲಿಕೆ ಅಷ್ಟೆ. ಅಧ್ಯಯನ ಇಲ್ಲದಿದ್ದರೂ ನಿಮಗೆ ಯಾವುದು ಸಿಗುತ್ತದೆ ಎಂಬುದು ಇವತ್ತೂ ಅದೃಷ್ಟವೇ, ಆಂಬುಲೆನ್ಸ್ ಯಾವ ಆಸ್ಪತ್ರೆಗೆ ತಿರುಗಿತು, ರಾತ್ರಿ ಪಾಳಿಯಲ್ಲಿ ಯಾರಿದ್ದರು ಎಂಬುದರ ಮೇಲೆ. ವ್ಯತ್ಯಾಸವೆಂದರೆ ಆ ಅದೃಷ್ಟದಾಟದಿಂದ ಯಾರೂ ಏನೂ ಕಲಿಯುವುದಿಲ್ಲ. ರೋಗಿಗೆ ಪ್ರಜ್ಞೆ ಇಲ್ಲದಿದ್ದಾಗ ಮನೆಯವರು ಸಹಿ ಹಾಕಬೇಕಾಗುತ್ತದೆ, ಅದು ಸುಲಭವಲ್ಲ. ಅಂಥ ಪತ್ರ ನಿಮ್ಮ ಕೈಗೆ ಬಂದರೆ ಮೂರು ವಿಷಯ ಕೇಳಿ. ಎರಡೂ ಚಿಕಿತ್ಸೆಗಳು ಈಗ ಬಳಕೆಯಲ್ಲಿವೆಯೇ? ತೊಂದರೆಯಾದರೆ ಚಿಕಿತ್ಸೆ, ಪರಿಹಾರದ ಹೊಣೆ ಯಾರದು? ಇದರ ಸಿಟಿಆರ್‌ಐ ನೋಂದಣಿ ಸಂಖ್ಯೆ ಏನು? ಸಿಟಿಆರ್‌ಐ ಎಂಬುದು ಇಂಥ ಅಧ್ಯಯನಗಳ ರಾಷ್ಟ್ರೀಯ ನೋಂದಣಿ. 2007ರಿಂದ ಇದೆ, ಯಾರು ಬೇಕಾದರೂ ಮೊಬೈಲಿನಲ್ಲೇ ತೆರೆದು ನೋಡಬಹುದು. ಸಂಖ್ಯೆ ಕೊಟ್ಟರೆ, ಮಗನಿಗೋ ಮಗಳಿಗೋ ಹೇಳಿ ತೆಗೆದು ಓದಿಸಿ, ಆಮೇಲೆ ಯೋಚಿಸಿ. ಸಂಖ್ಯೆ ಇಲ್ಲ ಎಂದರೆ ಸಹಿ ಹಾಕಬೇಡಿ.